ಎರೆ ನೆಲದ ರಸ್ತೆ: ಡಾಂಬರಿನ ಕೆಳಗಿನ ಕತೆ

ಎರೆ ಸೀಮೆಯಲ್ಲಿ ಮನೆ ಕಟ್ಟುವವರು ಪಾಯ ಎಷ್ಟು ಆಳ ಇರಬೇಕು ಎಂದು ಯಾರನ್ನೂ ಕೇಳುವುದಿಲ್ಲ. ಗರಸು ಸಿಗುವವರೆಗೆ ಅಗೆಯುತ್ತಾರೆ. ಗರಸು ತೀರಾ ಕೆಳಗಿದ್ದರೆ ಎರೆ ಮಣ್ಣನ್ನು ತೆಗೆದುಹಾಕಿ, ಬೇರೆ ಕಡೆಯಿಂದ ಗರಸು ತಂದು ತುಂಬಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ ಅದರ ಮೇಲೆ ಗೋಡೆ ಎಬ್ಬಿಸುತ್ತಾರೆ. ಎರೆ ಮೇಲೆ ನೇರವಾಗಿ ಗೋಡೆ ಇಟ್ಟರೆ ಮೂರನೇ ಬೇಸಿಗೆಗೆ ಅದು ಬಾಯಿ ಬಿಡುತ್ತದೆ ಅನ್ನುವುದು ಊರಿನ ಮಕ್ಕಳಿಗೂ ಗೊತ್ತು.

ಅದೇ ಊರಿಗೆ ಬರುವ ರಸ್ತೆಯನ್ನು ನೋಡಿ. ಬಹಳ ಕಡೆ ಅದು ಎರೆಯ ಮೇಲೇ ಕೂತಿರುತ್ತದೆ. ಮೇಲೆ ಒಂದಿಷ್ಟು ಖಡಿ, ಅದರ ಮೇಲೆ ಡಾಂಬರು. ಉದ್ಘಾಟನೆಯ ದಿನ ಕನ್ನಡಿಯ ಹಾಗಿರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅಂಚು ಕುಸಿದು, ನಡುವೆ ಉದ್ದಕ್ಕೆ ಬಿರುಕು ಬಿಟ್ಟು, ಟ್ರ್ಯಾಕ್ಟರ್ ಗಾಲಿ ಹಾಯುವ ಕಡೆ ಎರಡು ಕಾಲುವೆ ಬಿದ್ದಿರುತ್ತವೆ. ಗುತ್ತಿಗೆದಾರ ಡಾಂಬರು ಕದ್ದ ಎಂದು ನಾವು ಬೈಯುತ್ತೇವೆ. ಕೆಲವು ಸಲ ಅದು ನಿಜವೇ. ಆದರೆ ಡಾಂಬರು ಪೂರ್ತಿ ಹಾಕಿದ್ದರೂ ಆ ರಸ್ತೆ ಉಳಿಯುವುದು ಅನುಮಾನ. ಕೆಡುಕು ಇರುವುದು ಅದರ ಕೆಳಗಿನ ನೆಲದಲ್ಲಿ. ಈ ನೆಲವನ್ನು ಪಳಗಿಸುವ ವಿದ್ಯೆ ಹೊಸದಲ್ಲ, ಅದಕ್ಕೆ ಬೇಕಾದ ಸಾಮಾನು ದುಬಾರಿಯೂ ಅಲ್ಲ, ಅರ್ಧಕ್ಕಿಂತ ಹೆಚ್ಚು ಕಾರ್ಖಾನೆಗಳು ಬೇಡ ಎಂದು ಎಸೆಯುವ ಕಸ. ಹಾಗಿದ್ದೂ ಅದು ನಮ್ಮೂರ ರಸ್ತೆಯ ಕೆಳಗೆ ಯಾಕೆ ಬಂದು ಸೇರಿಲ್ಲ ಅನ್ನುವುದಕ್ಕೆ ಒಂದು ಇತಿಹಾಸ ಇದೆ.

ಮೊದಲು ಎರೆಯ ಗುಣ ನೋಡೋಣ. ಇದರ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಇದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳ ಕಟ್ಟು ಎಂದು ಅಂದುಕೊಳ್ಳಿ. ಮಳೆ ಬಂದಾಗ ನೀರು ಆ ಹಾಳೆಗಳ ನಡುವೆ ನುಗ್ಗುತ್ತದೆ, ಕಟ್ಟು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋದಾಗ ಕುಗ್ಗುತ್ತದೆ. ಕುಡುಗೋಲೇ ಒಳಗೆ ಬಿದ್ದುಹೋಗುವಂಥ ಬಿರುಕು ಹೊಲದಲ್ಲಿ ಏಳುವುದು ಹೀಗೆ. ಬೆಳೆಗೆ ಇದು ವರ. ಹಿಂಗಾರಿ ಜೋಳ, ಕಡಲೆ, ಕುಸುಬೆ ಮಳೆ ಇಲ್ಲದೆ ಬರುವುದು ಈ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ. ರಸ್ತೆಗೆ ಅದೇ ಗುಣ ಶಾಪ. ವರ್ಷಕ್ಕೊಂದು ಸಲ ಏಳುವ, ವರ್ಷಕ್ಕೊಂದು ಸಲ ಕೂರುವ ನೆಲದ ಮೇಲೆ ಯಾವ ಹೊದಿಕೆ ತಾನೆ ಸೀಳದೆ ಉಳಿದೀತು?

ಹತ್ತಿ ಬಂಡಿಗಳ ಕಾಲ

ಎರೆಗೆ ಇಂಗ್ಲಿಷರು ಇಟ್ಟ ಹೆಸರು ಕಪ್ಪು ಹತ್ತಿ ಮಣ್ಣು. ಆ ಹೆಸರಿನಲ್ಲೇ ಅವರ ಆಸಕ್ತಿ ಎಲ್ಲಿತ್ತು ಎಂದು ತಿಳಿಯುತ್ತದೆ. ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂಬ ಒತ್ತಡ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ನಮ್ಮ ಜಿಲ್ಲೆಗಳ ಗಡಿ ಬದಲಾದದ್ದರ ಹಿಂದೆ ಹತ್ತಿ ಬಂಡಿಯ ಗಾಲಿಯೂ ಇದೆ ಎಂದರೆ ಸೋಜಿಗ ಅನಿಸಬಹುದು.

ಘಟ್ಟದಲ್ಲಿ ಕಲ್ಲು ಒಡೆದು ರಸ್ತೆ ಮಾಡುವುದು ಕಷ್ಟವಾದರೂ ಆಗುವ ಕೆಲಸ. ನೆಲವೇ ಕಲ್ಲು, ಕಲ್ಲೂ ಅಲ್ಲೇ. ತೊಂದರೆ ಇದ್ದದ್ದು ಬಯಲಿನ ಎರೆಯಲ್ಲಿ. ಮಳೆ ಬಿದ್ದರೆ ಚಕ್ಕಡಿ ಗುಂಬದವರೆಗೆ ರಾಡಿಯಲ್ಲಿ ಹೂತುಹೋಗುತ್ತಿತ್ತು. ಹಾಗಾಗಿ ಸಾಗಾಟವೆಲ್ಲ ಬೇಸಿಗೆಯಲ್ಲೇ. ಕಲ್ಲು ಹಾಸಿದರೂ ಮಳೆಗಾಲದಲ್ಲಿ ಕಲ್ಲು ಕೆಳಗಿಳಿದು, ಎರೆ ಮೇಲೆ ಬರುತ್ತಿತ್ತು. ಇಂದಿಗೂ ಖಡಿ ಹಾಕಿದ ರಸ್ತೆಯಲ್ಲಿ ಇದೇ ಆಗುತ್ತದೆ. ಮೇಲೆ ಎಷ್ಟು ಹೊರೆ ಹಾಕಿದರೂ ಕೆಳಗಿನ ಮೆತ್ತನೆಯ ಮಣ್ಣು ಕಲ್ಲಿನ ಸಂದಿಯೊಳಗೆ ಏರಿ ಬರುತ್ತದೆ. ಆ ಕಾಲದ ಇಂಜಿನಿಯರುಗಳಿಗೆ ಇದಕ್ಕೆ ಗೊತ್ತಿದ್ದ ಮದ್ದು ಇನ್ನಷ್ಟು ಕಲ್ಲು ಸುರಿಯುವುದು ಒಂದೇ.

1880ರ ದಶಕದಲ್ಲಿ ರೈಲು ಬಂತು. ಹತ್ತಿ ರೈಲು ಹತ್ತಿತು. ರಸ್ತೆಯ ಚಿಂತೆ ಹಿಂದೆ ಬಿತ್ತು.

ನೆಲವನ್ನು ಅಳೆದವರು

ಮಣ್ಣನ್ನು ಅಳತೆಗೆ ತಂದದ್ದು ಮೋಟಾರು ಗಾಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದ ಕೊನೆಗೆ ಹೊಸ ರಸ್ತೆಗಳು ಒಂದರ ಹಿಂದೊಂದು ಕುಸಿಯತೊಡಗಿದಾಗ ಅಲ್ಲಿನ ಹೆದ್ದಾರಿ ಇಲಾಖೆಯ ಒ. ಜೆ. ಪೋರ್ಟರ್ ಒಂದು ಪರೀಕ್ಷೆ ರೂಪಿಸಿದ. ಮಣ್ಣನ್ನು ಅಚ್ಚಿನಲ್ಲಿ ಬಡಿದು ಗಟ್ಟಿ ಮಾಡಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, ಐದು ಸೆಂಟಿಮೀಟರ್ ದಪ್ಪದ ಉಕ್ಕಿನ ಕಂಬಿಯನ್ನು ಅದರೊಳಗೆ ಒತ್ತುವುದು. ಪುಡಿಗಲ್ಲಿನೊಳಗೆ ಅಷ್ಟೇ ಆಳ ಒತ್ತಲು ಬೇಕಾದ ಭಾರಕ್ಕೆ ಹೋಲಿಸಿ ಈ ಮಣ್ಣು ನೂರಕ್ಕೆ ಎಷ್ಟು ಗಟ್ಟಿ ಎಂದು ಹೇಳುವುದು. ಇದೇ ಇವತ್ತು ಎಲ್ಲ ಇಂಜಿನಿಯರುಗಳ ಬಾಯಲ್ಲಿರುವ ಸಿಬಿಆರ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಮಾನ ಇಳಿದಾಣಗಳಿಗೆ ಇದನ್ನು ಬಳಸಿದ ಮೇಲೆ ಲೋಕವೆಲ್ಲ ಇದನ್ನೇ ಹಿಡಿಯಿತು. 1933ರಲ್ಲಿ ಲಾಸ್ ಏಂಜಲೀಸಿನ ರಾಲ್ಫ್ ಪ್ರಾಕ್ಟರ್ ಇನ್ನೊಂದು ಮಾತು ಅಳೆದು ತೋರಿಸಿದ. ಪ್ರತಿ ಮಣ್ಣಿಗೂ ಒಂದು ನಿರ್ದಿಷ್ಟ ತೇವ ಇದೆ, ಆ ತೇವದಲ್ಲಿ ರೋಲರ್ ಹೊಡೆದರೆ ಮಾತ್ರ ಅದು ಅತಿ ಹೆಚ್ಚು ಗಟ್ಟಿಯಾಗುತ್ತದೆ, ಅದಕ್ಕಿಂತ ಒಣಗಿದ್ದರೂ ಕೆಟ್ಟದ್ದು, ಒದ್ದೆಯಾಗಿದ್ದರೂ ಕೆಟ್ಟದ್ದು. ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ನಮ್ಮಲ್ಲಿ ಹದ ಎನ್ನುತ್ತಾರೆ.

ನೆನೆಸಿದ ಎರೆ ಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 2, 3ರ ಆಸುಪಾಸು. ಒಳ್ಳೆಯ ಗರಸಿನದ್ದು ಇದರ ಹಲವು ಪಟ್ಟು. ಈ ಅಂಕಿಯ ಬೆಲೆ ಎಷ್ಟು? ಇಂಡಿಯನ್ ರೋಡ್ಸ್ ಕಾಂಗ್ರೆಸ್ 2001ರಲ್ಲಿ ಹೊರಡಿಸಿದ ಡಾಂಬರು ರಸ್ತೆಗಳ ಮಾರ್ಗಸೂಚಿಯಲ್ಲಿ ಒಂದು ಲೆಕ್ಕ ಇದೆ. ರಸ್ತೆಯ ಆಯುಷ್ಯದಲ್ಲಿ ಒಂದು ಕೋಟಿ ಭಾರದ ಅಚ್ಚುಗಳು ಹಾಯುತ್ತವೆ ಎಂದಾದರೆ, ತಳಮಣ್ಣಿನ ಸಿಬಿಆರ್ 2 ಇದ್ದಲ್ಲಿ ರಸ್ತೆಯ ಒಟ್ಟು ದಪ್ಪ 850 ಮಿಲಿಮೀಟರ್ ಬೇಕು. ಸಿಬಿಆರ್ 5 ಇದ್ದರೆ 660 ಸಾಕು. 10 ಇದ್ದರೆ 540.

ಎರಡರಿಂದ ಐದಕ್ಕೆ ಏರಿದರೆ ಉಳಿಯುವುದು 190 ಮಿಲಿಮೀಟರ್. ಏಳು ಮೀಟರ್ ಅಗಲದ ರಸ್ತೆಗೆ ಒಂದು ಕಿಲೋಮೀಟರಿನಲ್ಲಿ ಅದು 1,330 ಘನ ಮೀಟರ್ ಖಡಿ, ಗರಸು. ಟಿಪ್ಪರಿಗೆ ಹತ್ತು ಘನ ಮೀಟರ್ ಎಂದರೂ 133 ಟಿಪ್ಪರ್. ನಮ್ಮ ಹಳ್ಳಿ ರಸ್ತೆಗಳಿಗೆ ಅಷ್ಟು ಸಂಚಾರ ಇಲ್ಲ, ದಪ್ಪವೂ ಅಷ್ಟು ಬೇಡ. ಆದರೆ ನಿಯಮ ಅದೇ: ಕೆಳಗಿನ ಮಣ್ಣು ಸುಧಾರಿಸಿದಷ್ಟೂ ಮೇಲಿನ ಖರ್ಚು ಇಳಿಯುತ್ತದೆ.

ಸುಣ್ಣ, ಸುರ್ಕಿ, ಬೂದಿ

ಮಣ್ಣನ್ನು ತೆಗೆದುಹಾಕದೆ ಅಲ್ಲೇ ಸುಧಾರಿಸುವುದು ಹೇಗೆ? 1935ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಜಾನ್ಸನ್‌ವಿಲ್ ಹತ್ತಿರ ಮಣ್ಣಿಗೆ ಸಿಮೆಂಟು ಬೆರೆಸಿ, ಪ್ರಮಾಣ ಅಳೆದು, ಒಂದು ರಸ್ತೆ ಮಾಡಿದರು. ಮಣ್ಣು–ಸಿಮೆಂಟು ರಸ್ತೆಗಳ ಇತಿಹಾಸ ಅಲ್ಲಿಂದ ಎಂದು ಬರೆಯುವುದು ವಾಡಿಕೆ. ಆದರೆ ಅಂಟು ಜೇಡಿಗೆ ಸಿಮೆಂಟು ಬೆರೆಯುವುದೇ ಕಷ್ಟ, ಉಂಡೆ ಉಂಡೆಯಾಗುತ್ತದೆ. ನಮ್ಮ ಎರೆಯಂಥದೇ ಕಪ್ಪು ಜೇಡಿ ಇರುವ ಟೆಕ್ಸಾಸಿನಲ್ಲಿ 1940ರ ದಶಕದಲ್ಲಿ ಸುಣ್ಣ ಹಾಕಿ ನೋಡಿದರು. ಅದು ಹಿಡಿಯಿತು.

ಸುಣ್ಣ ಮಾಡುವ ಕೆಲಸ ಎರಡು. ಮೊದಲನೆಯದು ಗಂಟೆಗಳಲ್ಲಿ ಆಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಹಾಳೆಗಳ ನಡುವೆ ಹೊಕ್ಕು ಅವನ್ನು ಒಂದಕ್ಕೊಂದು ಹಿಡಿದು ಪುಟ್ಟ ಹರಳುಗಳ ಹಾಗೆ ಮಾಡುತ್ತದೆ. ಕೈಗೆ ಅಂಟುವ ರೊಟ್ಟಿ ಹಿಟ್ಟಿಗೆ ಒಣ ಹಿಟ್ಟು ಉದುರಿಸಿದಾಗ ಅಂಟು ಬಿಡುತ್ತದಲ್ಲ, ನೋಡಲು ಹಾಗೇ. ರಾಡಿ ಪುಡಿಯಾಗುತ್ತದೆ, ಉಬ್ಬುವ ಚಪಲ ಕಡಿಮೆಯಾಗುತ್ತದೆ. ಎರಡನೆಯ ಕೆಲಸ ನಿಧಾನ, ವಾರಗಳು, ತಿಂಗಳುಗಳು ಬೇಕು. ಮಣ್ಣಿನಲ್ಲಿರುವ ಸಿಲಿಕಾ, ಅಲ್ಯೂಮಿನಾ ಜೊತೆ ಸುಣ್ಣ ಕೂಡಿ ಸಿಮೆಂಟಿನಲ್ಲಿ ಇರುವಂಥದೇ ಗಟ್ಟಿ ಪದಾರ್ಥ ಹುಟ್ಟುತ್ತದೆ.

ಈ ಎರಡನೆಯ ಕೆಲಸ ನಮ್ಮ ಹಿರಿಯ ಗೌಂಡಿಗಳಿಗೆ ಚೆನ್ನಾಗಿ ಗೊತ್ತಿತ್ತು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆ. ಒಡೆದ ಇಟ್ಟಿಗೆ, ಹೆಂಚಿನ ಚೂರು ಕೂಡ ಹೀಗೇ ಕೆಲಸಕ್ಕೆ ಬರುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಕಟ್ಟೆ ನಿಂತಿರುವುದು ಇದೇ ಸುರ್ಕಿ ಗಾರೆಯ ಮೇಲೆ. ರೋಮನ್ನರು ಇಟ್ಟಿಗೆ ಪುಡಿಯ ಜಾಗದಲ್ಲಿ ಪೊಜ್ಜುವೋಲಿ ಎಂಬ ಊರಿನ ಹತ್ತಿರದ ಜ್ವಾಲಾಮುಖಿ ಬೂದಿ ಬಳಸುತ್ತಿದ್ದರು. ಹಾಗಾಗಿ ಇಂಥ ಪುಡಿಗಳಿಗೆಲ್ಲ ಪೊಜ್ಜೊಲಾನ ಎಂದೇ ಹೆಸರಾಗಿದೆ. ಒಟ್ಟಿನಲ್ಲಿ ಬೇಕಾದದ್ದು ಬೆಂಕಿ ಕಂಡ ಸಿಲಿಕಾ ಮತ್ತು ಸುಣ್ಣ.

ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಹಿಡಿಯುವ ಹಾರುಬೂದಿ ಎಂದರೆ ಇದೇ: ಬೆಂಕಿ ಕಂಡ ಸಿಲಿಕಾ, ಅಲ್ಯೂಮಿನಾ, ಹಿಟ್ಟಿಗಿಂತ ನುಣ್ಣಗೆ. 1950ರ ದಶಕದ ಆರಂಭಕ್ಕೆ ಅಮೆರಿಕದಲ್ಲಿ ಸುಣ್ಣ, ಹಾರುಬೂದಿ, ಜಲ್ಲಿ ಬೆರೆಸಿದ ರಸ್ತೆ ಅಡಿಪಾಯ ಪೇಟೆಂಟ್ ಪಡೆದು ಮಾರಾಟಕ್ಕೇ ಬಂತು. ಫ್ರಾನ್ಸಿನಲ್ಲಿ ಕಬ್ಬಿಣದ ಕಾರ್ಖಾನೆಗಳ ಕಿಟ್ಟವನ್ನು ಜಲ್ಲಿಗೆ ಬೆರೆಸಿ ರಸ್ತೆ ಮಾಡಿದರು. ಯುದ್ಧದಲ್ಲಿ ಜರ್ಜರಿತವಾದ ದೇಶಗಳಿಗೆ ರಸ್ತೆ ಬೇಕಿತ್ತು, ದುಡ್ಡು ಇರಲಿಲ್ಲ, ಕಸದ ಗುಡ್ಡೆಗಳು ಇದ್ದವು.

ನಮ್ಮ ದೇಶದ್ದೂ ಹೆಚ್ಚುಕಡಿಮೆ ಅದೇ ಸ್ಥಿತಿ. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ಇಪ್ಪತ್ತು ವರ್ಷದ ರಸ್ತೆ ಯೋಜನೆ ಹಾಕಿದರು. ಹಳ್ಳಿ ರಸ್ತೆಗಳಿಗೂ ಅದರಲ್ಲಿ ಜಾಗ ಇತ್ತು. ಅಷ್ಟುದ್ದಕ್ಕೂ ಕಲ್ಲು ಹಾಕಲು ದೇಶದ ಬಳಿ ಹಣ ಎಲ್ಲಿತ್ತು? ಗಂಗಾ ಬಯಲಿನಲ್ಲಂತೂ ನೂರಾರು ಮೈಲಿ ಹೋದರೂ ಕಲ್ಲೇ ಇಲ್ಲ. ಅಲ್ಲಿ ಎಸ್. ಆರ್. ಮೆಹ್ರಾ ಎಂಬ ಇಂಜಿನಿಯರ್ ಮಣ್ಣಿನಲ್ಲಿ ಮರಳು ಎಷ್ಟು, ಜೇಡಿ ಎಷ್ಟು ಎಂದು ಅಳೆದು, ಕೊರತೆ ಇದ್ದದ್ದನ್ನು ಬೆರೆಸಿ, ಹದದಲ್ಲಿ ರೋಲರ್ ಹೊಡೆದು, ಮೇಲಿನ ಪದರಕ್ಕೆ ಮಾತ್ರ ಇಟ್ಟಿಗೆ ಚೂರು ಸೇರಿಸಿ ಅಗ್ಗದ ರಸ್ತೆ ಮಾಡುವ ವಿಧಾನ ಕಟ್ಟಿದರು. ಅದು ಇಂದಿಗೂ ಇಂಜಿನಿಯರಿಂಗ್ ಪಠ್ಯದಲ್ಲಿ ಮೆಹ್ರಾ ವಿಧಾನ ಎಂದೇ ಇದೆ. ದೆಹಲಿಯಲ್ಲಿ 1952ರಲ್ಲಿ ಆರಂಭವಾದ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯ ನಿರ್ದೇಶಕರೂ ಅವರಾದರು. ಬಡ ದೇಶದ ರಸ್ತೆ ಶಾಸ್ತ್ರ ಎಂದು ಒಂದಿದ್ದರೆ ಅದರ ಮೊದಲ ಪುಟ ಇವರದು. ಹೆಸರು ಮಾತ್ರ ನಮ್ಮಲ್ಲಿ ಬಹಳ ಜನ ಕೇಳಿಲ್ಲ.

ಮಲಪ್ರಭೆಯ ಕಾಲುವೆಯಲ್ಲಿ

ಎರೆಯನ್ನು ಅರ್ಥ ಮಾಡಿಕೊಂಡ ಇನ್ನೊಂದು ದೊಡ್ಡ ಕೆಲಸ ನಮ್ಮ ನೆಲದಲ್ಲೇ ನಡೆಯಿತು, ಆದರೆ ಕಾಲುವೆಗಾಗಿ. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆ ನೆಲ ಸೀಳಿಕೊಂಡು ಹೋಗಬೇಕು. ನೀರು ಬಿಟ್ಟರೆ ಎರೆ ಉಬ್ಬಿ ಕಾಲುವೆಯ ಹಾಸನ್ನು ಒಡೆಯುತ್ತದೆ. ಐಐಟಿ ಬಾಂಬೆಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿ ಇದರ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಎರೆಯಲ್ಲಿ ಸುಮಾರು ಒಂದು ಮೀಟರ್ ಕೆಳಗೆ ಹೋದರೆ ಋತುವಿನಿಂದ ಋತುವಿಗೆ ಉಬ್ಬುವುದು ಕುಗ್ಗುವುದು ಬಹುತೇಕ ನಿಲ್ಲುತ್ತದೆ. ಮೇಲಿನ ಆ ಒಂದು ಮೀಟರ್ ಮಣ್ಣೇ ಕೆಳಗಿನದನ್ನು ಹಿಡಿದಿಟ್ಟಿರುತ್ತದೆ. ಹಾಗಾದರೆ ಆ ಮೇಲಿನ ಪದರದ ಜಾಗದಲ್ಲಿ ಒಂದಿಷ್ಟು ಅಂಟಿದ್ದೂ ಉಬ್ಬದ ಮಣ್ಣನ್ನು, ಅಂದರೆ ನಮ್ಮ ಒಳ್ಳೆಯ ಗರಸಿನಂಥದ್ದನ್ನು, ಹಾಕಿದರೆ? ಈ ಉಪಾಯ ಕೆಲಸ ಮಾಡಿತು. ಅವರು 1970ರ ದಶಕದಲ್ಲಿ ರೂಪಿಸಿದ ಈ ವಿಧಾನ ದೇಶದ ಬೇರೆ ಎರೆ ಸೀಮೆಗಳ ಕಾಲುವೆಗಳಿಗೂ ಹೋಯಿತು.

ಪಾಯಕ್ಕೆ ಗರಸು ತುಂಬುವ ನಮ್ಮ ಊರಿನ ರೂಢಿಗೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ. ಆದರೆ ಇಲ್ಲೇ ಒಂದು ತೊಡಕು. ಎಲ್ಲ ಕಾಲುವೆ, ಎಲ್ಲ ರಸ್ತೆ, ಎಲ್ಲ ಲೇಔಟಿಗೂ ಗರಸು ಬೇಕೆಂದರೆ ಗುಡ್ಡ ಎಲ್ಲಿಂದ ತರುವುದು? ಊರ ಹೊರಗಿನ ದನ ಮೇಯುವ ದಿನ್ನೆಗಳು ಅರ್ಧ ಕರಗಿ, ನೀರು ನಿಂತ ಹೊಂಡಗಳಾಗಿರುವುದನ್ನು ನೀವೂ ನೋಡಿರುತ್ತೀರಿ. ಬೇಸಿಗೆ ರಜೆಯಲ್ಲಿ ಮಕ್ಕಳು ಈಜಲು ಇಳಿಯುವುದು ಅವೇ ಹೊಂಡಗಳಿಗೆ. ಗರಸಿನ ದರಪಟ್ಟಿಯಲ್ಲಿ ಆ ಗುಡ್ಡದ ಬೆಲೆ ಇಲ್ಲ.

ಬೂದಿ ಇದ್ದ ಊರು, ರಾಡಿ ಇದ್ದ ಊರು

ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ರಾಜ್ಯದ ಮೊದಲ ದೊಡ್ಡ ಕಲ್ಲಿದ್ದಲು ವಿದ್ಯುತ್ ಘಟಕ ಶುರುವಾಯಿತು. ಮುಂದೆ ಅದು 1,720 ಮೆಗಾವಾಟ್ ಆಗಿ ಬೆಳೆಯಿತು. ಬಳ್ಳಾರಿಯ ಕುಡಿತಿನಿಯಲ್ಲಿ 1,700, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ನೂರಕ್ಕೆ 30ರಿಂದ 45. ಅಂದರೆ ಮೂರು ಲಾರಿ ಕಲ್ಲಿದ್ದಲು ಬಂದರೆ ಒಂದು ಲಾರಿಗೂ ಹೆಚ್ಚು ಬೂದಿ ಹುಟ್ಟುತ್ತದೆ. ನಕಾಶೆ ತೆಗೆದು ನೋಡಿ. ರಾಯಚೂರು, ಬಳ್ಳಾರಿ, ವಿಜಯಪುರ ಮೂರೂ ಎರೆ ಇರುವ ಜಿಲ್ಲೆಗಳೇ. ರೋಗವೂ ಮದ್ದೂ ಒಂದೇ ಜಿಲ್ಲೆಯಲ್ಲಿ ಬೇರೆ ಬೇರೆ ಗುಡ್ಡೆಯಾಗಿ ಬಿದ್ದಿವೆ.

ದೆಹಲಿ 1994ರಲ್ಲಿ ಹಾರುಬೂದಿ ಬಳಕೆಗೆಂದೇ ಒಂದು ಮಿಷನ್ ಆರಂಭಿಸಿತು. 1990ರ ದಶಕದ ಕೊನೆಯಲ್ಲಿ ಯಮುನೆಯ ಎರಡನೇ ನಿಜಾಮುದ್ದೀನ್ ಸೇತುವೆಗೆ ಹೋಗುವ ಎತ್ತರದ ರಸ್ತೆ ದಿಬ್ಬವನ್ನು ಬೂದಿಯಲ್ಲೇ ಕಟ್ಟಿದರು. 1999ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯ ಬೂದಿ ಬಳಕೆಯ ಅಧಿಸೂಚನೆ ಹೊರಡಿಸಿತು. ಸ್ಥಾವರದ ಸುತ್ತ ಇಷ್ಟು ದೂರದೊಳಗೆ ಬೂದಿ ಬಳಸಲೇಬೇಕು ಎಂಬ ಗೆರೆ ಮೊದಲು 50 ಕಿಲೋಮೀಟರ್ ಇತ್ತು, 2003ರಲ್ಲಿ 100 ಆಯಿತು, 2016ರಲ್ಲಿ 300. ಕಾನೂನಿನ ಗೆರೆ ಹಿಗ್ಗಿತು. ಬೂದಿಯ ದೊಡ್ಡ ಪಾಲು ಹೋದದ್ದು ಸಿಮೆಂಟ್ ಕಾರ್ಖಾನೆಗೆ, ಇಟ್ಟಿಗೆಗೆ, ಹೆದ್ದಾರಿಯ ದಿಬ್ಬಗಳಿಗೆ. ಹಳ್ಳಿ ರಸ್ತೆಯ ತಳಮಣ್ಣಿಗೆ ಬಂದದ್ದು ಕಡಿಮೆ.

ಲಾಭ ಇಲ್ಲ ಎಂದಲ್ಲ. ಒಂದು ಲೆಕ್ಕ ಹಾಕೋಣ. ಐದು ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ, 15 ಸೆಂಟಿಮೀಟರ್ ದಪ್ಪದ ಎರೆ ಪದರ ಎಂದರೆ 750 ಘನ ಮೀಟರ್, ತೂಕದಲ್ಲಿ ಸುಮಾರು 1,200 ಟನ್. ಅದಕ್ಕೆ ನೂರಕ್ಕೆ 20ರಷ್ಟು ಹಾರುಬೂದಿ, 3ರಷ್ಟು ಸುಣ್ಣ ಬೇಕಾಯಿತು ಎಂದುಕೊಳ್ಳಿ. 240 ಟನ್ ಬೂದಿ, 36 ಟನ್ ಸುಣ್ಣ. ಹತ್ತು ಟನ್ನಿನ ಲಾರಿಯಲ್ಲಿ 28 ಲೋಡು. ಇದೇ ಜಾಗದಲ್ಲಿ 30 ಸೆಂಟಿಮೀಟರ್ ಎರೆ ತೆಗೆದು ಗರಸು ತುಂಬಿದರೆ 1,500 ಘನ ಮೀಟರ್, 150 ಟಿಪ್ಪರ್. ತೆಗೆದ ಎರೆಯನ್ನು ಎಲ್ಲಾದರೂ ಸುರಿಯಬೇಕಾದ ಖರ್ಚು ಬೇರೆ. ನಾನು ಹಿಡಿದ ಪ್ರಮಾಣ ಉದಾಹರಣೆಗೆ ಮಾತ್ರ. ನಿಜವಾದದ್ದು ಆಯಾ ಊರಿನ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆ ಸಿಗುತ್ತದೆ, ಮತ್ತು ಊರಿನಿಂದ ಊರಿಗೆ ಬದಲಾಗುತ್ತದೆ. ಸ್ಥಾವರದ ಗೇಟಿನಲ್ಲಿ ಬೂದಿ ಪುಕ್ಕಟೆ ಇರಬಹುದು, ನೂರೈವತ್ತು ಕಿಲೋಮೀಟರ್ ಆಚೆಗೆ ಅದು ಪುಕ್ಕಟೆ ಅಲ್ಲ, ಡೀಸೆಲ್ ಬೆಲೆ ಅಂಟಿಕೊಂಡಿರುತ್ತದೆ. ಕೂಡಗಿಯ ಆಸುಪಾಸಿನಲ್ಲಿ ಕೂಡುವ ಲೆಕ್ಕ ಬೀದರಿನ ತುದಿಯಲ್ಲಿ ಕೂಡಲಿಕ್ಕಿಲ್ಲ. ಅಲ್ಲಿ ಬೇರೆ ಕಸ ನೋಡಬೇಕು. ಸಕ್ಕರೆ ಕಾರ್ಖಾನೆಯ ಬಗಾಸ್ ಬೂದಿಯಲ್ಲಿ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಚೆನ್ನಾಗಿದೆ. ಸರಿಯಾಗಿ ಸುಟ್ಟ ಹೊಟ್ಟಿನ ಬೂದಿಯಲ್ಲಂತೂ ನೂರಕ್ಕೆ 85ಕ್ಕೂ ಹೆಚ್ಚು. ಕಬ್ಬಿನ ಸೀಮೆಯ ರಸ್ತೆಗಳನ್ನು ಹಾಳು ಮಾಡುವುದು ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು. ಅದೇ ಕಬ್ಬಿನ ಬೂದಿ ರಸ್ತೆಯ ಕೆಳಗೆ ಹೋದರೆ ಒಂದು ಬಗೆಯ ನ್ಯಾಯ ಆದೀತು.

ಎಲ್ಲ ಕಸವೂ ಮದ್ದಲ್ಲ

ಕಸ ರಸ್ತೆಗೆ ಎಂದ ತಕ್ಷಣ ಏನನ್ನಾದರೂ ಸುರಿಯುವ ಉತ್ಸಾಹವೂ ಅಪಾಯ. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಸ್ಟೀವರ್ಟ್ ಅವೆನ್ಯೂ ಎಂಬ ರಸ್ತೆಯ ತಳಕ್ಕೆ ಸುಣ್ಣ ಹಾಕಿ ಗಟ್ಟಿ ಮಾಡಿದ್ದರು. ಕೆಲವೇ ವರ್ಷದಲ್ಲಿ ರಸ್ತೆ ಅಲ್ಲಲ್ಲಿ ದಿಬ್ಬದಂತೆ ಉಬ್ಬಿ ಒಡೆಯಿತು. ಡಾಲ್ ಹಂಟರ್ ಎಂಬ ತಜ್ಞ 1988ರಲ್ಲಿ ಕಾರಣ ಬರೆದ: ಆ ಮಣ್ಣಿನಲ್ಲಿ ಸಲ್ಫೇಟ್ ಇತ್ತು. ಸುಣ್ಣ, ಜೇಡಿ, ಸಲ್ಫೇಟ್, ನೀರು ಕೂಡಿ ಎಟ್ರಿಂಗೈಟ್ ಎಂಬ ಉಬ್ಬುವ ಹರಳು ಬೆಳೆದಿತ್ತು. ಮದ್ದೇ ರೋಗವಾಗಿತ್ತು. ಜಿಪ್ಸಂ ಇರುವ, ಸವುಳು ಹಿಡಿದ ನೆಲ ನಮ್ಮಲ್ಲೂ ಇದೆ, ನೀರಾವರಿ ಬಂದ ಮೇಲೆ ಹೆಚ್ಚಾಗಿದೆ. ಅಂಥ ಕಡೆ ಸಲ್ಫೇಟ್ ಪರೀಕ್ಷೆ ಇಲ್ಲದೆ ಸುಣ್ಣ ಹಾಕಬಾರದು.

ಬೂದಿಯಲ್ಲೂ ಎರಡು ಬಗೆ. ಚಿಮಣಿಯಿಂದ ನೇರ ಒಣಗಿದ್ದಾಗಲೇ ಹಿಡಿದದ್ದು ಸುಣ್ಣದ ಜೊತೆ ಚೆನ್ನಾಗಿ ಕೂಡುತ್ತದೆ. ನೀರಲ್ಲಿ ಕಲಸಿ ಹೊಂಡಕ್ಕೆ ಬಿಟ್ಟು ವರ್ಷಗಟ್ಟಲೆ ಬಿದ್ದ ಬೂದಿ ಒರಟು, ಕಸುವು ಕಡಿಮೆ. ಅದು ದಿಬ್ಬ ತುಂಬಲು ಆಗುತ್ತದೆ, ಮಣ್ಣು ಬೆಸೆಯಲು ಅಷ್ಟಾಗಿ ಆಗುವುದಿಲ್ಲ. ಬೂದಿಯಲ್ಲಿ ಆರ್ಸೆನಿಕ್‌ನಂಥ ವಿಷದ ಲೋಹಗಳೂ ಚೂರು ಇರುತ್ತವೆ. ಸುಣ್ಣದ ಜೊತೆ ಬೆಸೆದು ಮೇಲೆ ರಸ್ತೆ ಮುಚ್ಚಿದರೆ ಅವು ಬಹುಮಟ್ಟಿಗೆ ಅಲ್ಲೇ ಕಟ್ಟಿಬೀಳುತ್ತವೆ, ಬರೀ ಬೂದಿಯನ್ನು ಬಾವಿಯ ಪಕ್ಕ, ಕೆರೆಯ ಅಂಚಿಗೆ ಸುರಿದರೆ ಅಲ್ಲ. ರಸ್ತೆ ಹೆಸರಲ್ಲಿ ಬೂದಿ ಸುರಿದು ಹೋಗುವುದು ರಸ್ತೆ ಕೆಲಸ ಅಲ್ಲ, ಕಸ ವಿಲೇವಾರಿ.

ಇನ್ನೊಂದು ಸಣ್ಣ ಗೊಂದಲ. ಶಹಾಬಾದ್ ಕಲ್ಲು ಕೊಯ್ಯುವಾಗ ಬರುವ ಬಿಳಿ ರಾಡಿ ಸುಣ್ಣದ ಕಲ್ಲಿನದ್ದೇ, ಹಾಗಾಗಿ ಸುಣ್ಣವೇ ಎಂದು ಕೆಲವರು ಅಂದುಕೊಳ್ಳುತ್ತಾರೆ. ಸುಡದ ಸುಣ್ಣದ ಕಲ್ಲಿನ ಪುಡಿ ಸುಣ್ಣ ಅಲ್ಲ. ಅದು ಮಣ್ಣಿನ ಅಂಟು ಸ್ವಲ್ಪ ತಗ್ಗಿಸಬಹುದು, ಬೆಸೆಯುವುದಿಲ್ಲ. ಪ್ಲಾಸ್ಟಿಕ್ ರಸ್ತೆಯ ಸುದ್ದಿಯನ್ನೂ ಇದರ ಜೊತೆ ಬೆರೆಸಬಾರದು. ಮಧುರೈನ ರಾಜಗೋಪಾಲನ್ ವಾಸುದೇವನ್ ಅವರ ಆ ವಿಧಾನ ಡಾಂಬರಿನ ಪದರಕ್ಕೆ ಸೇರಿದ್ದು. ಮೇಲೆ ಪ್ಲಾಸ್ಟಿಕ್ ಹಾಕಿದರೂ ಕೆಳಗೆ ಎರೆ ಎರೆಯೇ.

ಕಾಣದ ಪದರ

2000ದ ಡಿಸೆಂಬರ್ 25ರಂದು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದ ಮೇಲೆ ಹಳ್ಳಿ ರಸ್ತೆಗೆ ಮೊದಲ ಸಲ ಸರಿಯಾದ ವಿನ್ಯಾಸ, ಮಣ್ಣಿನ ಪರೀಕ್ಷೆ, ಐದು ವರ್ಷದ ನಿರ್ವಹಣೆ ಎಲ್ಲ ಬಂದವು. ಸ್ಥಳೀಯ ಸಾಮಗ್ರಿ, ಕಾರ್ಖಾನೆ ತ್ಯಾಜ್ಯ ಬಳಸಿ ಎಂದು ಅದರ ಮಾರ್ಗಸೂಚಿಗಳೂ ಹೇಳುತ್ತವೆ. ಉತ್ತರ ಪ್ರದೇಶದಲ್ಲಿ ಈಚೆಗೆ ಇದೇ ಯೋಜನೆಯಡಿ ಹಳೆಯ ರಸ್ತೆಯನ್ನೇ ಅಗೆದು ಪುಡಿ ಮಾಡಿ, ಸಿಮೆಂಟು ಬೆರೆಸಿ ಅಲ್ಲೇ ಮತ್ತೆ ಹಾಸುತ್ತಿದ್ದಾರೆ. ಅಲ್ಲಿ ಹಳೇ ರಸ್ತೆಯೇ ಕಚ್ಚಾ ಮಾಲು. 2022ರಲ್ಲಿ ಸೂರತ್ ಹತ್ತಿರದ ಹಜೀರಾದಲ್ಲಿ ಒಂದು ಕಿಲೋಮೀಟರ್ ಆರು ಪಥದ ರಸ್ತೆಯನ್ನು ಉಕ್ಕಿನ ಕಾರ್ಖಾನೆಯ ಕಿಟ್ಟದಿಂದಲೇ ಮಾಡಿದರು. ಸುಮಾರು ಒಂದು ಲಕ್ಷ ಟನ್ ಕಿಟ್ಟ ಹಿಡಿಯಿತು, ದಪ್ಪ ನೂರಕ್ಕೆ 30ರಷ್ಟು ಇಳಿಯಿತು.

ಹಾಗಿದ್ದರೆ ನಮ್ಮೂರಿಗೆ ಯಾಕಿಲ್ಲ? ನನಗೆ ಕಾಣುವ ಕಾರಣ ವಿಜ್ಞಾನದ್ದಲ್ಲ. ಡಾಂಬರು ಕಣ್ಣಿಗೆ ಕಾಣುತ್ತದೆ, ತಳಮಣ್ಣು ಕಾಣುವುದಿಲ್ಲ. ಟೇಪು ಕತ್ತರಿಸಲು ಬಂದವರು ನೋಡುವುದು ಮೇಲಿನ ಕಪ್ಪು. ಗುತ್ತಿಗೆದಾರನಿಗೆ ಎಷ್ಟು ಘನ ಮೀಟರ್ ಗರಸು ತಂದೆ, ಎಷ್ಟು ಖಡಿ ಹಾಕಿದೆ ಎಂದು ಅಳತೆ ಪುಸ್ತಕದಲ್ಲಿ ಬರೆಸಿ ಬಿಲ್ ಮಾಡಿಸುವುದು ಗೊತ್ತಿರುವ ದಾರಿ. ಕಡಿಮೆ ಸಾಮಾನು ತಂದು ಹೆಚ್ಚು ಎಚ್ಚರದಿಂದ ಮಾಡುವ ಕೆಲಸಕ್ಕೆ ಬಿಲ್ಲಿನಲ್ಲಿ ಜಾಗ ಸಣ್ಣದು. ಸುಣ್ಣದ ಕೆಲಸ ಎಚ್ಚರವನ್ನೇ ಕೇಳುತ್ತದೆ. ಸುಣ್ಣ ಹಳತಾಗಿ ಗಾಳಿ ತಿಂದಿರಬಾರದು. ಕೆಲಸಗಾರರ ಕಣ್ಣು, ಕೈ ಸುಡದಂತೆ ಕನ್ನಡಕ, ಕೈಗವಸು ಬೇಕು. ಬೆರೆಸಿದ ಮೇಲೆ ಮತ್ತೆ ರೋಲರ್, ಮತ್ತೆ ಕನಿಷ್ಠ ಒಂದು ವಾರ ತೇವ ಆರದಂತೆ ಕಾಪಾಡುವುದು. ಅಷ್ಟು ದಿನ ಕಬ್ಬಿನ ಟ್ರ್ಯಾಕ್ಟರನ್ನು ಆ ದಾರಿಯಲ್ಲಿ ಬಿಡದೆ ನಿಲ್ಲಿಸುವ ಧೈರ್ಯ ಯಾರಿಗಿದೆ, ಹೇಳಿ.

ಎಲ್ಲಕ್ಕಿಂತ ಮೊದಲು ಎರೆ ಪುಡಿಯಾಗಬೇಕು, ಇಲ್ಲದಿದ್ದರೆ ಸುಣ್ಣ ಹೆಂಟೆಯ ಹೊರಗೇ ಉಳಿಯುತ್ತದೆ. ಇದು ಎಷ್ಟು ದೊಡ್ಡ ತಲೆನೋವು ಎಂದರೆ, ಸುಣ್ಣಕ್ಕಾಗಿ ಎರೆಯನ್ನು ಪುಡಿ ಮಾಡುವುದು ಹೇಗೆ ಎಂಬುದಕ್ಕೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1973ರಲ್ಲಿ ಒಂದು ಪ್ರತ್ಯೇಕ ಪುಸ್ತಿಕೆ ತಂದಿತು. ಒದ್ದೆ ಇದ್ದರೆ ಎರೆ ರಾಡಿ, ಪೂರ್ತಿ ಒಣಗಿದರೆ ಕಲ್ಲು. ನಡುವೆ ಕೆಲವೇ ದಿನ ಅದು ಹೆಂಟೆ ಒಡೆದು ಪುಡಿಯಾಗುವ ಹದದಲ್ಲಿ ಇರುತ್ತದೆ, ಆಗ ಟ್ರ್ಯಾಕ್ಟರಿನ ರೋಟವೇಟರ್ ಹೊಡೆದರೂ ಸಾಕು. ಮಳೆಗಾಲ ಮುಗಿದು ನೆಲ ಆರುವ ಹೊತ್ತು ಅದು, ಹಿಂಗಾರಿ ಬಿತ್ತನೆಯ ಆಸುಪಾಸು. ಟೆಂಡರ್ ಮುಗಿದು, ಆದೇಶ ಕೈಗೆ ಬಂದು, ರಸ್ತೆಗೆ ಜೆಸಿಬಿ ಇಳಿಯುವುದು ಬಹಳ ಊರುಗಳಲ್ಲಿ ಹಣಕಾಸು ವರ್ಷದ ಕೊನೆಗೆ, ಫೆಬ್ರುವರಿ, ಮಾರ್ಚಿನಲ್ಲಿ. ಅಷ್ಟರಲ್ಲಿ ಎರೆ ಕಲ್ಲಾಗಿ ಬಿರುಕು ಬಿಟ್ಟಿರುತ್ತದೆ, ಊರಿಗೆ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುತ್ತಿರುತ್ತದೆ.